ಬಾಗಿಲ ಹಾಡಿನಲ್ಲಿ ನಿಮ್ಮ ಅಜ್ಜನ ಹೆಸರು

ಮೊಮ್ಮಕ್ಕಳೇ, ನಿಮ್ಮ ಮಾಮನ ಆಲ್ಬಮ್ಮಿನಲ್ಲಿ ಒಂದು ಕಡೆ ಕೇಳಿಸುವ ದನಿ ನನ್ನದು ಎಂದರೆ ನೀವು ನಗುತ್ತೀರಿ. ಅದು ಹೇಗಾಯಿತೆಂದು ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ನಾಚಿಕೆ.

ಮಾಮ ಎಂದರೆ ನನ್ನ ತಮ್ಮನ ಮಗ. ಆಗ ಹೊಸಪೇಟೆಯ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದ. ಸಂಡೂರಿನಿಂದ ಅದಿರಿನ ಲಾರಿಗಳು ಸಾಲುಗಟ್ಟಿ ಇಳಿಯುತ್ತಿದ್ದ ಕಾಲ, ಮದುವೆಗಳೂ ಜೋರು. ಅವನು ಒಂದು ಮದುವೆಯ ಕತೆಯನ್ನು, ನಿಶ್ಚಯದಿಂದ ಹೆಣ್ಣು ಮನೆ ತುಂಬುವವರೆಗೆ, ಹಾಡುಗಳಲ್ಲೇ ಹೇಳುವ ಆಲ್ಬಮ್ ಮಾಡುತ್ತಿದ್ದ. ಒಂದರಲ್ಲಿ ಭಜನೆಯ ತಾಳ, ಒಂದರಲ್ಲಿ ಹಲಗೆಯ ಬಡಿತ, ಇನ್ನೊಂದರಲ್ಲಿ ಕವ್ವಾಲಿ. ಎಲ್ಲದರ ಅಡಿಯಲ್ಲಿ ಫಂಕ್ ಎಂಬ, ದಪ್ಪ ತಂತಿಯ ಗಿಟಾರು ಕುಣಿಸುವ ಸಂಗೀತ. ನನಗೆ ತಿಳಿಯುತ್ತಿರಲಿಲ್ಲ, ಕಾಲ್ಬೆರಳು ಮಾತ್ರ ತಾನಾಗಿ ಅಲ್ಲಾಡುತ್ತಿತ್ತು.

ಕೊನೆಯದು ಬಾಗಿಲ ಹಾಡು. ನಮ್ಮಲ್ಲಿ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಪ್ರಾಸದ ಒಡಪು ಕಟ್ಟಿ ಗಂಡನ ಹೆಸರು ಹೇಳಿದ ಮೇಲೆಯೇ ಒಳಗೆ ಬಿಡುತ್ತಾರಲ್ಲ, ಅದು. ಅಲ್ಲಿ ಎಲ್ಲ ವಾದ್ಯ ನಿಂತು ದಪ್ಪ ತಂತಿಯೊಂದೇ ಕಾಯಬೇಕು, ಹೆಣ್ಣು ಹೆಸರು ಹೇಳಬೇಕು. ಹಾಡುವ ಹುಡುಗಿಯರನ್ನು ಕರೆಸಿ ನೋಡಿದ್ದ. ಸರಿಬರಲಿಲ್ಲವಂತೆ.

“ಈಗಿನವರು ಗಂಡನ್ನ ದಿನಾ ಹೆಸರು ಹಿಡಿದ ಕರೀತಾರ, ಅತ್ತಿ. ಅವರು ಹೇಳಿದ್ರ ರೇಷನ್ ಕಾರ್ಡ್ ಓದಿದಂಗ ಆಕ್ಕೈತಿ. ನೀ ಹೇಳು.”

“ಹುಚ್ಚು ಹಿಡಿದೈತೇನಲೇ ನಿನಗ?” ಎಂದೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನನಗೆ ಯಾರೂ ಒಡಪು ಹೇಳೆಂದು ಕೇಳಿರಲಿಲ್ಲ. ಅದು ಮುತ್ತೈದೆಯರ ಆಟ. ಮದುವೆಮನೆಯಲ್ಲಿ ಶುರುವಾದರೆ ನಾನೇ ಎದ್ದು ಅಡುಗೆಯ ಕಡೆ ಹೋಗುತ್ತಿದ್ದೆ. ಹೇಳಿದರೆ ಮಂದಿ ಏನಂದಾರು ಎಂಬ ಅಂಜಿಕೆ ಇತ್ತು. ಒಮ್ಮೆಯಾದರೂ ಆ ಹೆಸರನ್ನು ಬಾಯಿ ತುಂಬ ಹೇಳಬೇಕೆಂಬ ಆಸೆಯೂ ಇತ್ತು; ಅದನ್ನು ಯಾರ ಮುಂದೂ ಆಡಿರಲಿಲ್ಲ.

ಕಂಪ್ಲಿಯಿಂದ ಬಂದಿದ್ದ ನನ್ನ ನಾದಿನಿ, ನಿಮ್ಮ ಅಜ್ಜನ ತಂಗಿ, ಎಲೆ ಅಡಿಕೆ ಮೆಲ್ಲುತ್ತ ಕೇಳುತ್ತಿದ್ದಳು.

“ನಮ್ಮಣ್ಣನ ಹೆಸರು ಹೇಳಾಕ ಯಾರ ಪರವಾನಗಿ ಬೇಕ, ಅತ್ತಿಗಿ? ನಡಿ, ನಾನೂ ಬರ್ತೀನಿ.”

ರೆಕಾರ್ಡಿಂಗ್ ಮಾಡುವ ಕೋಣೆಯ ಗೋಡೆಗೆಲ್ಲ ಲಾರಿಯ ಸದ್ದು ಬಾರದಂತೆ ಕೌದಿ ಹೊಡೆದಿದ್ದರು. ಕಿವಿಗೆ ಹೆಡ್‌ಫೋನ್ ಹಾಕಿದರು. ವಾದ್ಯ ನಿಂತಿತು, ದಪ್ಪ ತಂತಿ ದುಂ ದುಂ ಎನ್ನುತ್ತ ಕಾಯಿತು. ನನ್ನ ಬಾಯಿ ಏಳಲಿಲ್ಲ. ಮಾಮ ಹಾಡನ್ನು ಮತ್ತೆ ಹಾಕಿದ. ಮತ್ತೂ ಅಷ್ಟೇ.

“ಬ್ಯಾಡ ಬಿಡು, ಅತ್ತಿ,” ಎಂದ. ಮುಖ ಸಣ್ಣದಾಗಿತ್ತು.

ನಾದಿನಿ ಎದ್ದು ಬಂದು, ಸೊಂಟದ ಮೇಲೆ ಕೈಯಿಟ್ಟು ನನ್ನೆದುರು ನಿಂತಳು. “ಹೆಸರು ಹೇಳದ ಒಳಗ ಬಿಡಂಗಿಲ್ಲ ನೋಡು!”

ನನ್ನ ಮದುವೆಯಲ್ಲೂ ಅಡ್ಡ ನಿಂತವಳು ಇವಳೇ. ಅಂದು ನಾನು ತುಟಿ ಬಿಚ್ಚಿರಲಿಲ್ಲ. “ಬಿಡವಾ, ದಣದಾಳ,” ಎಂದು ನಿಮ್ಮ ಅಜ್ಜನೇ ನನ್ನನ್ನು ಒಳಗೆ ಕರೆದುಕೊಂಡಿದ್ದರು. ಈಗ ಬಿಡಿಸುವವರು ಇರಲಿಲ್ಲ. ನಗು ಬಂತು, ಅದರ ಹಿಂದೆಯೇ ಮಾತೂ ಬಂತು:

“ಗುಡ್ಡ ಕೆಂಪು, ಹೊಳಿ ನೀರು ತಂಪು, ಕಂಪ್ಲಿ ಗದ್ದಿ ಹಸಿರು...”

ಮುಂದಿನದು ನಿಮ್ಮ ಅಜ್ಜನ ಹೆಸರು. ಬರೆಯಲಾರೆ; ಸಿ.ಡಿ. ಹಾಕಿ ಕೇಳಿ. ಹೆಸರಿಗೆ ಮುಂಚೆ ನಾನು ತಡೆದದ್ದನ್ನೂ ನಕ್ಕದ್ದನ್ನೂ ಮಾಮ ತೆಗೆಯಲೇ ಇಲ್ಲ.

ಕೆಲವು ತಿಂಗಳ ಮೇಲೆ ಸಂಡೂರಿಗೆ ಹೋಗುವಾಗ ಲಾರಿಗಳ ಸಾಲಿನಲ್ಲಿ ನಮ್ಮ ಬಸ್ಸು ಸಿಕ್ಕಿಕೊಂಡಿತು. ಪಕ್ಕದ ಚಹಾದಂಗಡಿಯ ಮುಂದೆ ನಿಂತ ಲಾರಿಯಲ್ಲಿ ಅದೇ ಹಾಡು. ವಾದ್ಯ ನಿಂತಾಗ ಡ್ರೈವರು ಚಹಾದ ಗ್ಲಾಸು ಎತ್ತಿ ಕೂಗಿದ: “ಹೇಳಬೇ ಯಕ್ಕಾ, ಜಲ್ದಿ!” ನಾನು ಸೆರಗು ಎಳೆದುಕೊಂಡೆ. ಆ ಹೆಸರು ರಸ್ತೆಯ ಮಂದಿಗೆಲ್ಲ ಕೇಳಿಸಿತು. ಗ್ಲಾಸು ಹಿಡಿದವರು ಹೋ ಎಂದರು.

ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತಿದ್ದ ಹೆಂಗಸು ನನ್ನ ಕಡೆ ತಿರುಗಿದಳು. “ಯಾರೋ ಏನೋ, ಗಂಡನ ಮ್ಯಾಲೆ ಭಾಳ ಜೀವ ಐತಿ ನೋಡ್ರಿ ಆಕಿಗೆ.”

“ಹೌದ್ರಿ,” ಎಂದೆ. “ಭಾಳ ಐತಿ.”