ಅತ್ತೆ ಮಲಗಿದ್ದ ವ್ಯಾನು ಹಿನ್ನೀರಿನ ಕಡೆ ಹೊರಟಾಗ

ಎದೆ ಇನ್ನೂ ಹೊಡೆದುಕೊಳ್ಳುತ್ತಿದೆ ಕಣ್ರಪ್ಪಾ, ಅದಕ್ಕೇ ಬರೆಯುತ್ತಿದ್ದೇನೆ. ಇವತ್ತು ಮಧ್ಯಾಹ್ನ ಶೆಟ್ಟಿಹಳ್ಳಿಯ ಹಿನ್ನೀರಿನ ಇಳಿಜಾರಿನಲ್ಲಿ ನಿಲ್ಲಿಸಿದ್ದ ನಮ್ಮ ಬಾಡಿಗೆ ಕ್ಯಾಂಪರ್ ವ್ಯಾನು ತಾನಾಗಿಯೇ ನೀರಿನ ಕಡೆಗೆ ಉರುಳತೊಡಗಿತು. ಒಳಗೆ ಹಾಸಿಗೆಯಲ್ಲಿ ನಮ್ಮತ್ತೆ ನಿದ್ದೆ ಮಾಡುತ್ತಿದ್ದರು. ನಾನೂ ನನ್ನ ಗಂಡನೂ ಹೊರಗೆ ಟೀ ಕಾಯಿಸುತ್ತಿದ್ದೆವು.

"ರೀ, ಹ್ಯಾಂಡ್‌ಬ್ರೇಕ್!" ಎಂದು ಕಿರುಚಿದೆ. ಇವರು ಓಡಿಹೋಗಿ ಬಾಗಿಲಿಗೆ ಜೋತುಬಿದ್ದರು. ಅದು ತೆರೆಯಲೇ ಇಲ್ಲ. ಅತ್ತೆ ಒಬ್ಬರೇ ಇರುವ ಭಯಕ್ಕೆ ಒಳಗಿನಿಂದ ಲಾಕ್ ಮಾಡಿಕೊಂಡು ಮಲಗಿದ್ದರು. "ಅಮ್ಮಾ, ಅಮ್ಮಾ" ಎಂದು ಗಾಜು ಬಡಿಯುತ್ತಾ ಇವರೂ ವ್ಯಾನಿನ ಜೊತೆಗೇ ಇಳಿಯುತ್ತಿದ್ದರು. ನೀರು ಇನ್ನು ನಾಲ್ಕೇ ಮಾರು.

ದಡದಲ್ಲಿ ಕಂಬಳಿ ಒಗೆಯುತ್ತಿದ್ದ ಹೆಂಗಸೊಬ್ಬರು ದಪ್ಪ ಕಲ್ಲೊಂದನ್ನು ಎತ್ತಿಕೊಂಡು ಬಂದು ಪಕ್ಕದಿಂದ ಮುಂದಿನ ಚಕ್ರಕ್ಕೆ ಕೊಟ್ಟರು. ವ್ಯಾನು ಒಮ್ಮೆ ಜಗ್ಗಿ ನಿಂತಿತು.

"ಏನ್ ಸಾ, ಇಳಿಜಾರಲ್ ನಿಲ್ಸಿದ್ರೆ ಗೇರ್‌ಗೆ ಆಕ್ಬೇಕು ಅಂತ ಗೊತ್ತಾಗಾಕಿಲ್ವಾ? ಒಳ್ಗೆ ಯಾರಾರ ಇದ್ದಿದ್ರೆ?"

ನಾನು ಆ ತಾಯಿಗೆ ಕೈ ಮುಗಿದು ನಿಂತೆ.

ಆಗ ಬಾಗಿಲು ತೆರೆಯಿತು. ಅತ್ತೆ ಕಣ್ಣುಜ್ಜುತ್ತಾ ಮಗನನ್ನು ಗದರಿದರು: "ಈಗೊಂದ್ ಗಳಿಗೆ ಮೆತ್ತುಗೆ ಓಡಿಸ್ತಿದ್ದೆ ಕಣ್ಲಾ, ಯಾಕ್ ನಿಲ್ಸ್ಬುಟ್ಟೆ?"