ಬಟ್ಟೆ ಸುತ್ತಿದ ಕೀಲಿಗೊಂಚಲು

ಬೀಗ ರಿಪೇರಿಯವನಿಗೆ ತನ್ನ ನಾಯಿಯ ಮೇಲೆ ಪ್ರೀತಿಯಿರಲಿಲ್ಲವೆಂದು ಆ ಓಣಿಯವರು ಇಂದಿಗೂ ಆಡುತ್ತಾರೆ. ಶುದ್ಧ ಸುಳ್ಳು. ನಾಲಿಗೆಗೆ ಎಲುಬಿಲ್ಲವೆಂದ ಮಾತ್ರಕ್ಕೆ ಕಾಣದ್ದನ್ನೆಲ್ಲ ಆಡಬಾರದು. ನಡೆದದ್ದು ಇದು.

ಕರುವಿನಷ್ಟು ಬೆಳೆದರೂ ನಾಯಿಯ ಹೆಸರು ಪುಟ್ಟಿ. ಮರಿಯಾಗಿದ್ದಾಗ ಒಂದು ಸಂಜೆ ಅವನ ಜೇಬಿನ ಕೀಲಿಗಳ ಸದ್ದು ಕೇಳಿ ಬಾಗಿಲಿಗೆ ಓಡಿಬಂದದ್ದು, ಹಾರಿ, ಅವನ ಕಾಲಬಳಿಯೇ ಪ್ರಜ್ಞೆ ತಪ್ಪಿ ಬಿತ್ತು.

ಪಶುವೈದ್ಯೆ ಪರೀಕ್ಷಿಸಿದರು. "ಹೃದಯದಿಂದ ರಕ್ತ ಹೊರಡೋ ದಾರಿ ಹುಟ್ಟಿನಿಂದಲೇ ಕಿರಿದು. ಮಾತ್ರೆಯಿಂದ ಅದು ಅಗಲ ಆಗಲ್ಲ, ಬಡಿತ ಹತೋಟೀಲಿರುತ್ತೆ ಅಷ್ಟೆ. ಓಡಬಾರದು, ಹಾರಬಾರದು. ಖುಷಿ ಜಾಸ್ತಿಯಾದ್ರೂ ಕಷ್ಟ."

"ನನ್ನ ನೋಡಿದ್ರೇನೇ ಅದಕ್ಕೆ ಖುಷಿ, ಡಾಕ್ಟರಮ್ಮಾ."

"ಹಾಗಾದ್ರೆ ಹುಷಾರಾಗಿರಬೇಕಾದವರು ನೀವೇ."

ಅಂದಿನಿಂದ ಅವನು ಓಣಿಯ ತಿರುವಿನಲ್ಲೇ ಕೀಲಿಗೊಂಚಲಿಗೆ ಬಟ್ಟೆ ಸುತ್ತುತ್ತಿದ್ದ. ಕೀಲುಗಳಿಗೆ ಎಣ್ಣೆ ಬಿಟ್ಟ ಹಿತ್ತಿಲ ಬಾಗಿಲಿನಿಂದ ಒಳಬಂದು, ನಾಯಿಯತ್ತ ನೋಡದೆ ಕೈಕಾಲು ತೊಳೆದು ನೆಲದ ಮೇಲೆ ಕೂರುತ್ತಿದ್ದ. ಅದು ತಾನಾಗಿ ಬಂದು ಒರಗಿದ ಮೇಲಷ್ಟೇ ಬೆನ್ನ ಮೇಲೆ ಅಂಗೈ ಇಡುವುದು. ಬೆಳಿಗ್ಗೆ, ಸಂಜೆ ಬ್ರೆಡ್ಡಿನ ಚೂರಿನಲ್ಲಿ ಮಾತ್ರೆ. ತಿರುಗಾಟಕ್ಕೆ ಹೋದರೆ ಏದುಸಿರು ಬರುವ ಮುಂಚೆಯೇ ವಾಪಸು.

ಪಕ್ಕದ ಮನೆಯ ದರ್ಜಿಗೆ ಇದನ್ನು ಸಹಿಸಲಾಗಲಿಲ್ಲ. "ಅಲ್ರೀ, ಮೂಕಪ್ರಾಣೀನ ಒಂದ್ಸಲ ಮುದ್ದು ಮಾಡಿದ್ರೆ ನಿಮ್ಮ ಗಂಟೇನು ಹೋಗುತ್ತೆ? ಎದೆಗೂ ಬೀಗ ಜಡಿದು ಕೀಲಿ ಕಳ್ಕೊಂಡಿದ್ದೀರಾ?"

"ನಕಲಿ ಕೀಲಿ ಮಾಡೋಣ ಅಂದ್ರೆ ಅಳತೆ ಸಿಗ್ತಿಲ್ಲ ಕಣ್ರೀ," ಎಂದು ನಕ್ಕುಬಿಟ್ಟ. ಕಾರಣ ಹೇಳಿದ್ದರೆ ಓಣಿಗೆ ಓಣಿಯೇ ಕನಿಕರದಿಂದ ಮುದ್ದಿಸಲು ಬರುತ್ತಿತ್ತು.

ಏಳನೆಯ ವರ್ಷ ಪುಟ್ಟಿಯ ಶ್ವಾಸಕೋಶದಲ್ಲಿ ನೀರು ತುಂಬತೊಡಗಿತು. ನೀರಿಳಿಸುವ ಔಷಧಿಯೂ ಕೆಲಕಾಲದ ನಂತರ ಸೋತಿತು. "ಇನ್ನು ಕಟ್ಟುಪಾಡು ಬೇಡ. ಅದಕ್ಕೆ ಇಷ್ಟವಾದದ್ದನ್ನ ಮಾಡಿ," ಎಂದರು ವೈದ್ಯೆ.

ಆ ಸಂಜೆ ಅವನು ಬಟ್ಟೆ ಬಿಚ್ಚಿ, ಓಣಿಯುದ್ದಕ್ಕೂ ಕೀಲಿಗಳನ್ನು ಝಣಝಣಿಸುತ್ತ ಬಂದು ಮುಂಬಾಗಿಲು ತೆರೆದ. "ಪುಟ್ಟೀ! ಬಂದೆ ಕಣೇ, ನನ್ನವ್ವಾ! ಬಾರೇ!"

ಮಲಗಿದ್ದ ನಾಯಿ ಕಿವಿ ನಿಮಿರಿಸಿತು. ಅವನನ್ನೊಮ್ಮೆ ನೋಡಿತು. ಆಮೇಲೆ ಕತ್ತು ಹೊರಳಿಸಿ ಹಿತ್ತಿಲ ಬಾಗಿಲನ್ನೇ ನೋಡುತ್ತ ಉಳಿಯಿತು. ಅದರ ಯಜಮಾನ ಬರುತ್ತಿದ್ದದ್ದು ಅಲ್ಲಿಂದ, ಸದ್ದಿಲ್ಲದೆ.

ಅವನು ಹೊಸ್ತಿಲಲ್ಲಿ ನಿಂತೇ ಇದ್ದ. ಕೊನೆಗೆ ಹೊರಗೆ ಹೋಗಿ, ಕೀಲಿಗೊಂಚಲಿಗೆ ಮತ್ತೆ ಬಟ್ಟೆ ಸುತ್ತಿ, ಮನೆಯನ್ನು ಬಳಸಿ ಹಿತ್ತಿಲಿನಿಂದ ಒಳಬಂದ. ನಾಯಿಯತ್ತ ನೋಡಲಿಲ್ಲ. ಕೈಕಾಲು ತೊಳೆದು ಕೂತ.

ಪುಟ್ಟಿ ತೆವಳಿಕೊಂಡು ಬಂದು ಅವನ ಪಾದದ ಮೇಲೆ ಗದ್ದವಿಟ್ಟಿತು. ಅವನು ಬೆನ್ನ ಮೇಲೆ ಅಂಗೈ ಇಟ್ಟ. ಅಂಗೈ ಕೆಳಗಿನ ಉಸಿರಿನ ಏರಿಳಿತ ನಿಂತ ಮೇಲೂ ಕೈ ತೆಗೆಯಲಿಲ್ಲ.