ಹಾಲಿನ ಕೋಣೆಯ ಬಾಗಿಲು ಕಾಯುವ ಸಿಂಧುಜಾ

ಸಿಂಧುಜಾಗೆ ನಮ್ಮ ಸಣ್ಣ ಬೆಳೆಗಾರರ ಸಂಘ ಮೂರು ವರ್ಷದ ಕೂಲಿ ಬಾಕಿ ಇಟ್ಟುಕೊಂಡಿದೆ. ಅವಳು ಕೇಳಿಲ್ಲ, ನಾವು ಕೊಟ್ಟಿಲ್ಲ. ಅವಳು ಮಾಡಿದ ಕೆಲಸ ಎಂಥದ್ದೆಂದು ಬರೆದಾದರೂ ಇಡೋಣ.

ನೀಲಗಿರಿಯ ಸೋಲೂರಿನ ಹತ್ತಿರದ ಹಟ್ಟಿಯೊಂದರ, ಅಂದರೆ ಬಡಗರ ಊರೊಂದರ, ಹೆಣ್ಣುಮಗಳು. ಊಟಿಯಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಾಳೆ, ರಜೆಯ ದಿನ ಮನೆಯ ತೋಟದಲ್ಲಿ ಚಹಾ ಎಲೆ ಕೀಳುತ್ತಾಳೆ. 2002ರಲ್ಲಿ ‘ಹಟ್ಟಿ’ ಎಂಬ ತಂತ್ರಾಂಶ ಕಟ್ಟಿದಳು. ಕಂಪ್ಯೂಟರನ್ನು ಎಬ್ಬಿಸಿ ನಡೆಸುವುದೇ ಅದು. ಅದಕ್ಕೆ ಒಡೆಯನಿಲ್ಲ, ಯಾರು ಬೇಕಾದರೂ ಅದರ ಕೋಡ್ ಓದಬಹುದು, ತಿದ್ದಬಹುದು, ಹೊಸದು ಬರೆದು ಕಳಿಸಬಹುದು. ಬಂದದ್ದರಲ್ಲಿ ಯಾವುದನ್ನು, ಯಾವಾಗ ಸೇರಿಸುವುದು ಎಂಬುದಷ್ಟೇ ಅವಳ ತಲೆನೋವು.

ಅದಕ್ಕೆಂದೇ ಎರಡು ಸೀಡಿ. ಪರೀಕ್ಷೆಗೆ ಬಂದದ್ದೆಲ್ಲ ‘ಹೊರಮನೆ’ಗೆ, ಪಳಗಿದ್ದು ಮಾತ್ರ ‘ಹಾಗೊಟ್ಟು’ಗೆ. ಹೊರಮನೆ ಎಂದರೆ ಬಡಗರ ಮನೆಯ ಹೊರಗಿನ ಕೋಣೆ, ಹಾಗೊಟ್ಟು ಎಂದರೆ ಒಳಗಿನ ಹಾಲಿನ ಕೋಣೆ. ಹಾಲು ಕರೆಯುವ ಶಾಸ್ತ್ರವಾಗದ ಹುಡುಗರಿಗೆ ಅಲ್ಲಿ ಪ್ರವೇಶವಿಲ್ಲ, ಹೆಂಗಸರಿಗಂತೂ ಎಂದೂ ಇಲ್ಲ.

ಸಂಘದ ಕಾರ್ಯದರ್ಶಿ ಹಾಲನ್ ಕಿಚಾಯಿಸುತ್ತಿದ್ದ: “ಏ ಕೂಸೇ, ಹಾಗೊಟ್ಟಿಗೆ ಕಾಲಿಡದ ಹೆಣ್ಣು ನೀನು. ಅದರ ಬಾಗಿಲು ಕಾಯ್ತೀಯಾ?”

“ಒಳಗೆ ಬಿಟ್ಟಿದ್ರೆ ಕಾಯೋಕೆ ಪುರುಸೊತ್ತೆಲ್ಲಿ ಮಾವ? ಹಾಲು ಕಾಸ್ತಾ ಕೂತಿರ್ತಿದ್ದೆ.”

2005ರಲ್ಲಿ ಬೆಳೆಗಾರರ ಕಷ್ಟ ಕೇಳಲು ವಿಚಾರಣಾ ತಂಡ ಬರುತ್ತದೆ ಎಂದಾಯಿತು. ಜನರ ಹೇಳಿಕೆಗಳನ್ನು ಟೈಪ್ ಮಾಡಿ ಒಪ್ಪಿಸಬೇಕು. ಮಸಿನಗುಡಿ, ಮೋಯಾರ್ ಕಡೆಯವರದು ಕನ್ನಡ ಅಕ್ಷರ, ಬಡಗರಲ್ಲಿ ಬಹಳ ಜನರದು ತಮಿಳು ಅಕ್ಷರ. ಮಸಿನಗುಡಿಯಲ್ಲಿ ಬ್ರೌಸಿಂಗ್ ಸೆಂಟರ್ ಇಟ್ಟಿದ್ದ ನಿರಂಜನ್ ಒಂದು ಕೋಡ್ ಬರೆದು ತಂದ. ಕನ್ನಡದಲ್ಲಿ ಟೈಪ್ ಮಾಡಿದರೆ ಬರಹವೂ ಫೈಲಿನ ಹೆಸರೂ ತಮಿಳು ಅಕ್ಷರಕ್ಕೆ ತಿರುಗುತ್ತವೆ. ಎಲ್ಲರ ಮಾತೂ ಒಂದೇ ಲಿಪಿಯಲ್ಲಿ, ಒಂದೇ ಕಟ್ಟಾಗುತ್ತದೆಂದು ನಾವು ಕುಣಿದೆವು. ಇವತ್ತೇ ಹಾಗೊಟ್ಟಿಗೆ ಹಾಕು, ಎಲ್ಲ ಊರಿಗೂ ಹಂಚೋಣ ಎಂದೆವು.

“ಚೆನ್ನಾಗಿದೆ. ಹೊರಮನೇಲಿರಲಿ,” ಎಂದಳು ಸಿಂಧುಜಾ.

“ಅಕ್ಕಾ, ನನ್ನ ಹತ್ರ ಒಂದ್ಸಲಾನೂ ಕೆಟ್ಟಿಲ್ಲ!” ನಿರಂಜನ್‌ಗೆ ಸಿಟ್ಟು.

“ಹೆತ್ತವನ ಹತ್ರ ಯಾಕಪ್ಪ ಕೆಡುತ್ತೆ? ಕೀಳ್ ಕೋತಗಿರೀಲಿ ಕೆಟ್ರೆ ಯಾರು ಅಳ್ತಾರೆ, ಅದು ಹೇಳು.”

ಹಾಲನ್ ಎದ್ದು ನಿಂತ. “ಎಲೆಗೆ ಬೆಲೆ ಕೇಳಿ ರಸ್ತೆ ತಡೆದಾಗ ಪರೀಕ್ಷೆ ಮಾಡಿ ತಡೆದ್ವಾ ನಾವು?”

“ಆವತ್ತು ಲಾಠಿ ಬಿದ್ದದ್ದು ನಿಮ್ಮ ಬೆನ್ನಿಗೇ ಮಾವ. ಇದು ಬೀಳೋದು ಬೇರೆಯವರ ಬೆನ್ನಿಗೆ.”

ಹಾಗೆ ಆ ಕೋಡ್ ಊಟಿ ಕಚೇರಿಯ ಒಂದೇ ಒಂದು ಹಳೆಯ ಯಂತ್ರದಲ್ಲಿ, ಹೊರಮನೆ ಸೀಡಿಯೊಳಗೆ ಕೂತಿತು. ಕೀಳ್ ಕೋತಗಿರಿಯಿಂದ ಲಿಂಗಿ ಬಂದಳು. ಎಸ್ಟೇಟಿನಲ್ಲಿ ದುಡಿದು ತುಂಡು ತೋಟ ಮಾಡಿಕೊಂಡವಳು. ಅವಳು ಹೇಳಿದ್ದನ್ನೆಲ್ಲ ಸಿಂಧುಜಾ ಕನ್ನಡದಲ್ಲಿ ಟೈಪ್ ಮಾಡಿ, ಫೈಲಿಗೆ ‘ಬಾಳು’ ಎಂದು ಹೆಸರಿಟ್ಟಳು. ಮಧ್ಯಾಹ್ನ ಮೋಯಾರಿನ ಮಾದಯ್ಯ ಬಂದ. ಆನೆ ಕಾಟಕ್ಕೆ ಹೊಲವನ್ನು ಪಾಳು ಬಿಟ್ಟವನು. ಅವನ ಫೈಲಿಗೆ ‘ಪಾಳು’ ಎಂದೇ ಹೆಸರು.

ಸಂಜೆ ಲಿಂಗಿಗೆ ಓದಿ ಹೇಳೋಣವೆಂದು ಅವಳ ಹೇಳಿಕೆ ತೆರೆದರೆ ಬರೀ ಮಾದಯ್ಯನ ಆನೆಗಳು.

ತಮಿಳಿನಲ್ಲಿ ಬಕಾರಕ್ಕೂ ಪಕಾರಕ್ಕೂ ಒಂದೇ ಅಕ್ಷರ. ಎರಡು ಹೆಸರು ಒಂದಾಗಿ, ಆಮೇಲೆ ಬಂದದ್ದು ಮೊದಲಿದ್ದನ್ನು ಕೇಳದೆ ನುಂಗಿತ್ತು. ನಿರಂಜನ್ ತಮಿಳನ್ನು ಓದುವಾಗ ಬಾಯಲ್ಲಿ ತಾನೇ ಸರಿಮಾಡಿಕೊಳ್ಳುತ್ತಿದ್ದ. ಯಂತ್ರಕ್ಕೆ ಬಾಯಿಲ್ಲ ಎನ್ನುವುದು ಅವನಿಗೆ ಹೊಳೆದಿರಲಿಲ್ಲ.

ಲಿಂಗಿ ಅವನನ್ನು ನೋಡಿ ಬಿದ್ದುಬಿದ್ದು ನಕ್ಕಳು. “ನನ್ನ ಬಾಳು ಪಾಳಾಗಿದೆ ಅಂತ ಹೇಳೋಕೆ ಕಂಪ್ಯೂಟರ್ ಬೇರೆ ಬೇಕಿತ್ತೇನಪ್ಪ?” ಮತ್ತೆ ಕೂತು ಎಲ್ಲ ಹೇಳಿದಳು. ಎರಡನೇ ಸಲ, ಎಲೆಗೆ ಸರಿಯಾದ ಬೆಲೆ ಕೊಡದ ಚಹಾ ಫ್ಯಾಕ್ಟರಿಯವರಿಗೆ ಬೈಗುಳ ಜಾಸ್ತಿಯಾಯಿತು, ಅಷ್ಟೇ ವ್ಯತ್ಯಾಸ.

ಆ ಕೋಡ್ ಎಲ್ಲ ಊರಿಗೂ ಹೋಗಿದ್ದರೆ ಎಷ್ಟು ಜನರ ಮಾತು ಅಳಿಸಿಹೋಗುತ್ತಿತ್ತೋ, ಅದು ಅಳಿಸಿದೆ ಎಂದು ತಿಳಿಯುವವರೂ ಇರುತ್ತಿರಲಿಲ್ಲ. ಎರಡು ಲಿಪಿಯಲ್ಲಿ ಎರಡು ಕಟ್ಟು ಮಾಡಿ ತಂಡದ ಮುಂದಿಟ್ಟೆವು. ನೋಡಲು ಚೆಂದವಿರಲಿಲ್ಲ, ಒಬ್ಬರ ಮಾತೂ ತಪ್ಪಿರಲಿಲ್ಲ.

ಕೋಡನ್ನು ಸಿಂಧುಜಾ ಎಸೆಯಲಿಲ್ಲ. “ಹೆಸರಿಗೆ ಹೆಸರು ಡಿಕ್ಕಿ ಹೊಡೆದ್ರೆ ನಿಂತು ಕೇಳಬೇಕು. ನಿನಗೆ ಬೇಜಾರಾದ್ರೆ ಅದನ್ನ ನೋಡ್ಕೊಳ್ಳೋಕೆ ಇನ್ನೊಬ್ಬರನ್ನ ತಯಾರು ಮಾಡಿರಬೇಕು. ಇವೆರಡಾದ ದಿನ ನಾನೇ ಬಾಗಿಲು ತೆಗೀತೀನಿ,” ಎಂದಳು. ಅವನು ತಿದ್ದಿದ, ಗೂಡಲೂರಿನ ಶಾಂತಲಾಗೂ ಕಲಿಸಿದ. ಮರುವರ್ಷ ಕೋಡ್ ಹಾಗೊಟ್ಟಿಗೆ ಹೋಯಿತು. “ಅಕ್ಕ ಆವತ್ತು ಬೇಡ ಅಂದಿದ್ದಕ್ಕೆ ಇವತ್ತು ಮೋಯಾರ್ ಕಡೆ ಮುಖ ತೋರಿಸ್ತಿದೀನಿ,” ಎನ್ನುತ್ತಾನೆ ನಿರಂಜನ್.

ಚಳವಳಿಯಲ್ಲಿ ‘ಬೇಡ’ ಎಂದವರನ್ನು ದ್ರೋಹಿ ಎಂದು ಕರೆದು ನಮಗೆ ಅಭ್ಯಾಸ. ಈ ಒಂದು ‘ಬೇಡ’ಕ್ಕೆ ನಾನು ಋಣಿ.

ಈಗ ಹೊರಮನೆಯಲ್ಲಿ ಹೊಸ ಕೋಡ್‌ಗಳು ಸಾಲಾಗಿ ಕೂತಿವೆ. ಸೀಡಿ ನಮ್ಮ ಕಚೇರಿಯಲ್ಲಿ ಸಿಗುತ್ತದೆ. ನೀವು ಹಾಗೊಟ್ಟಿನ ಸೀಡಿ ಮಾತ್ರ ಒಯ್ದು, ಹೊರಮನೆಯದನ್ನು ಮುಟ್ಟದೆ ಹೋಗುತ್ತೀರಿ. ಅವಳೊಬ್ಬಳೇ ಎಷ್ಟು ಮುರಿದು ನೋಡಿಯಾಳು? ಹೊರಮನೆಯದೂ ಒಂದು ಒಯ್ಯಿರಿ. ನಿಮ್ಮ ಮನೆಮಾತಲ್ಲಿ ಟೈಪ್ ಮಾಡಿ, ಮುರಿಯಿರಿ, ಎಲ್ಲಿ ಮುರಿಯಿತೆಂದು ಅವಳಿಗೆ ಬಂದು ಹೇಳಿ. ಯಾವತ್ತು ಬರುತ್ತೀರಿ?